ಬಾಟಲಿಯಲ್ಲಿದ್ದ ಉಣ್ಣೆ ಮೊಟ್ಟೆ ಇಟ್ಟಿದ್ದು ಹೇಗೆ?

ಪ್ರಶ್ನೆ: ನಮ್ಮದು ಸಾಗರ ತಾಲೂಕಿನ ಒಂದು ಹಳ್ಳಿ. ಮೂರು ಮಿಶ್ರತಳಿ ಹಸು, ಎರಡು ಮಲೆನಾಡು ಗಿಡ್ಡ ಇವೆ. ಗಿಡ್ಡಗಳು ಕಾಡಂಚಿಗೆ ಮೇಯಲು ಹೋಗುತ್ತವೆ. ಡೇರಿಗೆ ಹಾಲು ಹಾಕುತ್ತೇವೆ. ಉಣ್ಣೆ ಕಾಟ ವಿಪರೀತ. ಕಳೆದ ತಿಂಗಳು ಡೆಲ್ಟಾಮೆಥ್ರಿನ್ ಔಷಧಿ ಸ್ಪ್ರೇ ಮಾಡಿದೆವು. ಎರಡು ದಿನ ಬಿಟ್ಟು ಕೆಚ್ಚಲ ಹತ್ತಿರ ಊದಿಕೊಂಡಿದ್ದ ಒಂದು ಉಣ್ಣೆಯನ್ನು ಕಿತ್ತು ಖಾಲಿ ಬಾಟಲಿಗೆ ಹಾಕಿ ಮರೆತುಬಿಟ್ಟೆ. ಎರಡು ವಾರ ಕಳೆದು ನೋಡಿದರೆ ಅದು ಸತ್ತಿತ್ತು, ಪಕ್ಕದಲ್ಲಿ ಕಂದು ಬಣ್ಣದ ಮೊಟ್ಟೆಗಳ ಗುಡ್ಡೆ! ಬಾಟಲಿಯಲ್ಲಿ ಗಂಡು ಉಣ್ಣೆ ಇರಲಿಲ್ಲ, ತಿನ್ನಲು ಏನೂ ಇರಲಿಲ್ಲ. ಹಾಗಾದರೆ ಇಷ್ಟು ಮೊಟ್ಟೆ ಎಲ್ಲಿಂದ ಬಂತು? ಉಣ್ಣೆ ಹಿಚುಕಿದರೆ ಹೊಟ್ಟೆಯಿಂದ ಮೊಟ್ಟೆ ಸಿಡಿದು ಕೊಟ್ಟಿಗೆ ತುಂಬಾ ಹಬ್ಬುತ್ತದೆ ಎಂದು ಅತ್ತೆ ಹೇಳುತ್ತಾರೆ, ನಿಜವೇ? ಕಾಯಿಲೆ ಮೊಟ್ಟೆಯ ಮೂಲಕವೂ ಬರುತ್ತದೆಯೇ? ಬಿಎಸ್ಸಿ ಓದುವ ಮಗಳು, ‘ವೈಟೆಲೊಜೆನಿನ್ ಎಂಬ ಪ್ರೋಟೀನ್ ತಡೆದರೆ ಉಣ್ಣೆಗೆ ಮೊಟ್ಟೆಯೇ ಆಗುವುದಿಲ್ಲ’ ಎನ್ನುತ್ತಾಳೆ. ಅಂಥ ಔಷಧಿ ಸಿಗುತ್ತದೆಯೇ? ಒಂದು ಹಸು ಏಳು ತಿಂಗಳ ಗಬ್ಬ. ಏನು ಮಾಡಲಿ?

ಉತ್ತರ: ನೀವು ಕೇಳಿದ್ದು ನಾಲ್ಕೈದು ಪ್ರಶ್ನೆ. ಆದರೆ ಅವುಗಳ ಹಿಂದಿರುವ ಆತಂಕ ಒಂದೇ ಅನಿಸುತ್ತದೆ: ‘ಔಷಧಿ ಹೊಡೆದರೂ ಇದು ಹೆಚ್ಚುತ್ತಲೇ ಇದೆ, ಎಲ್ಲಿ ತಡೆಯುವುದು?’ ತಡೆಯುವ ಜಾಗ ಇದೆ. ಅದು ಎಲ್ಲಿ ಅಂತ ತಿಳಿಯಲು ಆ ಮೊಟ್ಟೆಗಳು ಹೇಗೆ ತಯಾರಾದವು ಎಂಬುದನ್ನು ಮೊದಲು ನೋಡೋಣ.

ನೀವು ಉಣ್ಣೆ ಕಿತ್ತಾಗ ಅದರ ಹೊಟ್ಟೆಯಲ್ಲಿ ಇದ್ದಿದ್ದು ಮೊಟ್ಟೆಗಳಲ್ಲ, ಹಸುವಿನ ರಕ್ತ. ಅಂಡಾಶಯ ಇತ್ತು, ಅದರಲ್ಲಿ ಪುಟ್ಟ ಪುಟ್ಟ ಅಂಡಕೋಶಗಳಿದ್ದವು. ಆದರೆ ಅವು ಬಲಿತಿರಲಿಲ್ಲ. ರಕ್ತವನ್ನು ಮೊಟ್ಟೆಯಾಗಿ ಬದಲಾಯಿಸುವ ಕೆಲಸದ ಬಹುಪಾಲು ನಿಮ್ಮ ಬಾಟಲಿಯಲ್ಲೇ ನಡೆದಿದೆ. ತಿನ್ನಲು ಏನೂ ಬೇಕಾಗಿರಲಿಲ್ಲ, ಬೇಕಾದದ್ದನ್ನೆಲ್ಲ ಅದು ಹಸುವಿನ ಮೈಮೇಲೇ ತುಂಬಿಕೊಂಡಿತ್ತು.

ಗಂಡಿನ ವಿಷಯವೂ ಹಾಗೇ. ದನದ ಮೈಮೇಲೆ ಸಾಮಾನ್ಯವಾಗಿ ಕಾಣುವ ಉಣ್ಣೆಯ ಶಾಸ್ತ್ರೀಯ ಹೆಸರು ರೈಪಿಸೆಫಾಲಸ್ ಮೈಕ್ರೋಪ್ಲಸ್. ಇದರ ಗಂಡು ತೀರಾ ಚಿಕ್ಕದು. ಹೆಣ್ಣಿನ ಹೊಟ್ಟೆಯ ಕೆಳಗೇ ಅಂಟಿಕೊಂಡಿರುವುದರಿಂದ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಕೂಡುವುದು ಹಸುವಿನ ಮೈಮೇಲೆಯೇ. ಕಿತ್ತ ಹೊತ್ತಿಗೆ ಅದು ವೀರ್ಯವನ್ನು ಒಳಗೆ ಇಟ್ಟುಕೊಂಡಾಗಿತ್ತು.

ಅತ್ತೆಯವರ ಮಾತಿಗೆ ಬರುತ್ತೇನೆ. ಆಗಷ್ಟೇ ಉದುರಿದ ಉಣ್ಣೆಯನ್ನು ಹಿಚುಕಿದರೆ ಮೊಟ್ಟೆ ಹಬ್ಬುವುದಿಲ್ಲ. ಬಲಿಯದ ಅಂಡಕೋಶ ಹೊರಬಿದ್ದರೆ ಮರಿಯಾಗದು. ಮೊಟ್ಟೆ ಇಡುವ ಉಣ್ಣೆಯ ಒಳಗಿಂದ ಬಲಿತ ಮೊಟ್ಟೆ ಹೊರಬಿದ್ದರೂ ಉಳಿಯುವುದು ಕಷ್ಟ. ಯಾಕೆಂದರೆ ಹೆಣ್ಣು ಉಣ್ಣೆಯ ತಲೆಯ ಹತ್ತಿರ ‘ಜೀನೆ ಅಂಗ’ ಎಂಬ ಒಂದು ವಿಶೇಷ ಅಂಗ ಇದೆ. ಹೊರಬರುವ ಒಂದೊಂದು ಮೊಟ್ಟೆಯನ್ನೂ ಅದು ಹಿಡಿದು ಮೇಣ ಸವರುತ್ತದೆ. ಆ ಮೇಣ ಇಲ್ಲದ ಮೊಟ್ಟೆ ಒಣಗಿ ಮುದುಡಿಹೋಗುತ್ತದೆ.

ಆದರೂ ಅತ್ತೆಯವರು ಹಿಚುಕಬೇಡ ಅಂದದ್ದು ಸರಿಯಾದ ಮಾತು, ಕಾರಣ ಮಾತ್ರ ಬೇರೆ. ಬರಿಗೈಯಲ್ಲಿ ಉಣ್ಣೆ ಹಿಚುಕಿದರೆ ಅದರೊಳಗಿನ ರಕ್ತ ಮತ್ತು ರಸ ನಿಮ್ಮ ಬೆರಳಿನ ಸಣ್ಣ ಗಾಯಕ್ಕೋ ಕಣ್ಣಿಗೋ ತಾಗುತ್ತದೆ. ಕ್ರಿಮಿಯನ್-ಕಾಂಗೋ ಜ್ವರ ಎಂಬ ಮಾರಕ ಕಾಯಿಲೆ ಹೀಗೂ ಹರಡುತ್ತದೆ. 2011ರಲ್ಲಿ ಗುಜರಾತಿನಲ್ಲಿ ಅದು ಕಾಣಿಸಿಕೊಂಡಿತ್ತು. ನಿಮ್ಮ ಭಾಗದಲ್ಲಂತೂ ಮಂಗನ ಕಾಯಿಲೆ ಇದೆ. ಗ್ಲೌಸ್ ಇಲ್ಲವೇ ಚಿಮುಟ ಬಳಸಿ. ಕಿತ್ತದ್ದನ್ನು ಸ್ಪಿರಿಟ್ ಇರುವ ಮುಚ್ಚಳದ ಡಬ್ಬಿಗೆ ಹಾಕಿ, ಅಥವಾ ಕುದಿಯುವ ನೀರು ಸುರಿಯಿರಿ. ತಣ್ಣೀರಿಗೆ ಹಾಕಿದರೆ ಬೇಗ ಸಾಯುವುದಿಲ್ಲ. ಚರಂಡಿಗೋ ತಿಪ್ಪೆಗೋ ಎಸೆದರೆ ಅದಕ್ಕೆ ಮೊಟ್ಟೆ ಇಡಲು ಜಾಗ ಕೊಟ್ಟ ಹಾಗೆ.

ಈಗ ರಕ್ತ ಮೊಟ್ಟೆಯಾಗುವ ಕಥೆ. ಮಗಳಿಗೂ ಓದಿಸಿ.

ಹೆಣ್ಣು ಉಣ್ಣೆ ರಕ್ತ ಹೀರುವುದು ಎರಡು ಹಂತದಲ್ಲಿ. ಮೊದಲ ಕೆಲವು ದಿನ ನಿಧಾನ. ಆಗ ಚರ್ಮ ಹಿಗ್ಗಲು ಸಿದ್ಧವಾಗುತ್ತದೆ, ಕರುಳು ಬೆಳೆಯುತ್ತದೆ. ಕೂಡಿದ ಮೇಲೆ, ಕೊನೆಯ ಒಂದು ದಿನದಲ್ಲಿ ಒಂದೇ ಸಮನೆ ಹೀರಿ ಊದಿಕೊಳ್ಳುತ್ತದೆ. ಕೊನೆಗೆ ಅದರ ತೂಕ ಮೊದಲಿನ ಸುಮಾರು 100 ಪಟ್ಟು. ಗಂಡು ಸಿಗದ ಹೆಣ್ಣು ಈ ಎರಡನೇ ಹಂತಕ್ಕೆ ಹೋಗುವುದಿಲ್ಲ, ವಾರಗಟ್ಟಲೆ ಅಲ್ಲೇ ಕಚ್ಚಿಕೊಂಡಿರುತ್ತದೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ರೂಬೆನ್ ಕಾಫ್‌ಮನ್ ಮತ್ತು ಅವರ ಸಂಗಡಿಗರು ಆಫ್ರಿಕಾದ ಒಂದು ಉಣ್ಣೆ ಜಾತಿಯಲ್ಲಿ ಇದರ ಕಾರಣ ಹುಡುಕಿದರು. ಗಂಡಿನ ವೀರ್ಯಾಂಗದಲ್ಲಿ ತಯಾರಾಗುವ ಎರಡು ಪ್ರೋಟೀನುಗಳು ಸೇರಿ ಹೆಣ್ಣಿಗೆ ‘ಈಗ ತುಂಬಿಕೋ’ ಎಂಬ ಸೂಚನೆ ಕೊಡುತ್ತವೆ ಎಂದು 2004ರಲ್ಲಿ ತೋರಿಸಿದರು. ಆ ಪ್ರೋಟೀನ್ ಜೋಡಿಗೆ ಅವರಿಟ್ಟ ಹೆಸರು ವೊರಾಕ್ಸಿನ್.

ಹೊಟ್ಟೆ ತುಂಬಿದ ಹೆಣ್ಣು ಉದುರುತ್ತದೆ. ದನದ ಉಣ್ಣೆ ಉದುರುವುದು ಬಹುತೇಕ ಬೆಳಗಿನ ಜಾವದಿಂದ ಬೆಳಗಿನ ಹೊತ್ತಿನೊಳಗೆ. ಅಂದರೆ ಹಸು ಇನ್ನೂ ಕೊಟ್ಟಿಗೆಯಲ್ಲೇ ಇರುವಾಗ. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಉದುರಿದ ಮೇಲೆ ಒಂದು ಹಾರ್ಮೋನು ಏರುತ್ತದೆ. ಉಣ್ಣೆ ಕೀಟವಲ್ಲ, ಎಂಟು ಕಾಲಿನ ಜೇಡದ ಬಳಗದ್ದು. ಜಿರಲೆ, ಮಿಡತೆಗಳಲ್ಲಿ ಮೊಟ್ಟೆ ಬಲಿಯಲು ಜುವೆನೈಲ್ ಹಾರ್ಮೋನು ಬೇಕು. ಉಣ್ಣೆಯಲ್ಲಿ ಅದನ್ನು ಹುಡುಕಿದವರಿಗೆ ಅದು ಸಿಗಲೇ ಇಲ್ಲ. ಅದರ ಬದಲು ಪೊರೆ ಕಳಚಲು ನೆರವಾಗುವ ಎಕ್ಡಿಸೋನ್ ಜಾತಿಯ ಹಾರ್ಮೋನನ್ನೇ ಉಣ್ಣೆ ಮೊಟ್ಟೆಯ ಕೆಲಸಕ್ಕೂ ಬಳಸಿಕೊಳ್ಳುತ್ತದೆ. ಇದೇ ಹಾರ್ಮೋನು ಅದರ ಜೊಲ್ಲಿನ ಗ್ರಂಥಿಗಳನ್ನು ಕರಗಿಸಿಬಿಡುತ್ತದೆ. ಅಲ್ಲಿಂದ ಮುಂದೆ ಅದು ಮತ್ತೆ ಕಚ್ಚಿ ರಕ್ತ ಹೀರಲಾರದು. ಮೊಟ್ಟೆ ಇಟ್ಟು ಸಾಯುವುದೊಂದೇ ದಾರಿ.

ಹಾರ್ಮೋನಿನ ಸೂಚನೆ ಸಿಕ್ಕೊಡನೆ ಕೊಬ್ಬಿನ ಅಂಗಾಂಶ ಮತ್ತು ಕರುಳಿನ ಜೀವಕೋಶಗಳಲ್ಲಿ ವೈಟೆಲೊಜೆನಿನ್ ಜೀನುಗಳು ಚಾಲೂ ಆಗುತ್ತವೆ. ಮಗಳು ಹೇಳಿದ್ದು ಇದನ್ನೇ. ಕೋಳಿಮೊಟ್ಟೆಯ ಹಳದಿ ಭಾಗಕ್ಕೂ ಮೂಲ ಇದೇ ಕುಟುಂಬದ ಪ್ರೋಟೀನು. ಏಷ್ಯಾದ ಹಿಮಫೈಸಾಲಿಸ್ ಲಾಂಗಿಕಾರ್ನಿಸ್ ಎಂಬ ಉಣ್ಣೆಯಲ್ಲಿ ಇಂಥ ಮೂರು ಜೀನುಗಳನ್ನು ಗುರುತಿಸಿದ್ದಾರೆ. ತಯಾರಾದ ವೈಟೆಲೊಜೆನಿನ್ ಉಣ್ಣೆಯ ಮೈರಸಕ್ಕೆ ಸೇರುತ್ತದೆ. ಅದರ ಅಂಡಾಶಯ ದ್ರಾಕ್ಷಿ ಗೊಂಚಲಿನ ಹಾಗೆ: ಒಂದೊಂದು ಅಂಡಕೋಶವೂ ಸಣ್ಣ ತೊಟ್ಟಿನಿಂದ ಹೊರಕ್ಕೆ ಜೋತುಬಿದ್ದು ಮೈರಸದಲ್ಲಿ ಮುಳುಗಿರುತ್ತದೆ. ಅಂಡಕೋಶದ ಮೇಲ್ಮೈಯಲ್ಲಿ ವೈಟೆಲೊಜೆನಿನ್ ಹಿಡಿಯಲೆಂದೇ ಇರುವ ಒಂದು ಗ್ರಾಹಕ ಪ್ರೋಟೀನು ಇದೆ. ಅದು ಹಿಡಿದು ಹಿಡಿದು ಒಳಗೆಳೆದುಕೊಳ್ಳುತ್ತದೆ, ಅಂಡಕೋಶ ಊದುತ್ತದೆ, ಬಣ್ಣ ಏರುತ್ತದೆ.

ನೀವು ಕಂಡ ಕಂದು ಬಣ್ಣ ನಿಮ್ಮ ಹಸುವಿನ ರಕ್ತದ್ದೇ! ರಕ್ತಕ್ಕೆ ಕೆಂಪು ಬಣ್ಣ ಕೊಡುವ, ಕಬ್ಬಿಣ ಹಿಡಿದಿಟ್ಟುಕೊಳ್ಳುವ ಭಾಗಕ್ಕೆ ಹೀಮ್ ಎನ್ನುತ್ತಾರೆ. ನಾವು, ದನ, ಬಹುತೇಕ ಜೀವಿಗಳು ಹೀಮನ್ನು ಸ್ವತಃ ತಯಾರಿಸಿಕೊಳ್ಳುತ್ತೇವೆ. ಉಣ್ಣೆಗೆ ಆ ಶಕ್ತಿ ಇಲ್ಲ, ಅದಕ್ಕೆ ಬೇಕಾದ ಪೂರ್ತಿ ಜೀನುಗಳ ಸರಣಿಯೇ ಇಲ್ಲ. ಹಾಗಾಗಿ ಹಸುವಿನ ಹಿಮೋಗ್ಲೋಬಿನ್ನಿಂದ ಹೀಮ್ ಬಿಡಿಸಿಕೊಂಡು, ವೈಟೆಲೊಜೆನಿನ್ ಜೊತೆ ಕಟ್ಟಿ ಮೊಟ್ಟೆಗೆ ತುಂಬುತ್ತದೆ. ಜೆಕ್ ದೇಶದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನನಗೆ ಬಹಳ ಇಷ್ಟ. ಯುರೋಪಿನ ಒಂದು ಜಾತಿಯ ಉಣ್ಣೆಗಳಿಗೆ ಕೆಂಪುಕಣ ತೆಗೆದ ಬರೀ ಸೀರಂ ಕುಡಿಸಿದರು. ಉಣ್ಣೆಗಳು ಹೊಟ್ಟೆ ತುಂಬಿಸಿಕೊಂಡವು, ಮೊಟ್ಟೆಯನ್ನೂ ಇಟ್ಟವು. ಆದರೆ ಆ ಮೊಟ್ಟೆಗಳೊಳಗೆ ಮರಿ ಬೆಳೆಯಲಿಲ್ಲ. ತಾಯಿ ತುಂಬಿಕೊಟ್ಟ ಹೀಮ್ ಇಲ್ಲದೆ ಮರಿ ಇಲ್ಲ.

ದನದ ಉಣ್ಣೆ ಉದುರಿ ಸಾಮಾನ್ಯವಾಗಿ ಎರಡರಿಂದ ಐದು ದಿನಕ್ಕೆ ಮೊಟ್ಟೆ ಇಡಲು ಶುರು ಮಾಡುತ್ತದೆ, ಎರಡು ವಾರದವರೆಗೆ ಇಡುತ್ತದೆ. ಒಟ್ಟು 2,000ದಿಂದ 4,000. ಮೈತೂಕದ ಸುಮಾರು ಅರ್ಧ ಮೊಟ್ಟೆಗೇ ಹೋಗುತ್ತದೆ. ಸೆಕೆ ಮತ್ತು ತೇವ ಎರಡೂ ಇದ್ದರೆ ಮೂರ್ನಾಲ್ಕು ವಾರದಲ್ಲಿ ಮರಿ. ಗಾಳಿ ಒಣಗಿದ್ದರೆ ಮೊಟ್ಟೆ ಕೆಡುತ್ತದೆ. ನಿಮ್ಮ ಕಡೆಯ ಮಳೆಗಾಲ, ದರಗಿನ ಹಾಸು, ಕಲ್ಲು ಗೋಡೆಯ ಸಂದು ಇವೆಲ್ಲ ಅದಕ್ಕೆ ಹೇಳಿ ಮಾಡಿಸಿದ ಜಾಗ.

ಹಾಗಾದರೆ ಸ್ಪ್ರೇ ಹೊಡೆದದ್ದು ಏನಾಯಿತು? ಎರಡು ಸಾಧ್ಯತೆ ಇದೆ. ಒಂದು, ಔಷಧಿ ಸರಿಯಾಗಿ ತಾಗಿಲ್ಲ. ಒಂದು ಲೀಟರ್ ನೀರಲ್ಲಿ ಬೆನ್ನ ಮೇಲೆ ಮಾತ್ರ ಸಿಂಪಡಿಸುವುದನ್ನು ನಾನು ಎಷ್ಟೋ ಮನೆಯಲ್ಲಿ ನೋಡಿದ್ದೇನೆ. ಉಣ್ಣೆ ಇರುವುದು ಕೆಚ್ಚಲ ಬುಡ, ತೊಡೆಸಂದಿ, ಬಾಲದ ಕೆಳಗೆ, ಗಂಗೆದೊಗಲಿನ ಮಡಿಕೆಯಲ್ಲಿ. ದೊಡ್ಡ ಹಸುವಿಗೆ ಕಡಿಮೆ ಅಂದರೂ ಎರಡು ಮೂರು ಲೀಟರ್ ಬೆರೆಸಿದ ಔಷಧಿ ಬೇಕು, ಕೂದಲ ಬುಡ ಒದ್ದೆಯಾಗಬೇಕು. ಇನ್ನೊಂದು, ಉಣ್ಣೆಗೆ ಔಷಧಿ ಒಗ್ಗಿಹೋಗಿದೆ. ಡೆಲ್ಟಾಮೆಥ್ರಿನ್‌ಗೆ ಬಗ್ಗದ ಉಣ್ಣೆಗಳು ಭಾರತದ ಹಲವು ರಾಜ್ಯಗಳಲ್ಲಿ ಕಂಡುಬಂದಿವೆ. ಕಡಿಮೆ ಪ್ರಮಾಣದಲ್ಲಿ ಪದೇ ಪದೇ ಹೊಡೆದರೆ ಬಗ್ಗದ ಉಣ್ಣೆಗಳೇ ಮೊಟ್ಟೆ ಇಟ್ಟು ಹೆಚ್ಚುತ್ತವೆ. ಅಂದರೆ ಮೊದಲ ತಪ್ಪೇ ಎರಡನೆಯದಕ್ಕೆ ದಾರಿ.

ಇದನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡುವ ವಿಧಾನ ಇದೆ. ಅಮೆರಿಕದ ಡ್ರಮ್ಮಂಡ್ ಮತ್ತು ಸಂಗಡಿಗರು 1973ರಲ್ಲಿ ವಿವರಿಸಿದ್ದು. ಊದಿದ ಹೆಣ್ಣುಗಳನ್ನು ಔಷಧಿಯಲ್ಲಿ ಅದ್ದಿ, ಬೇರೆ ಇಟ್ಟು, ಇಟ್ಟ ಮೊಟ್ಟೆಯ ತೂಕ ನೋಡುತ್ತಾರೆ, ಎಷ್ಟು ಮರಿಯಾಯಿತು ಎಂದು ನೋಡುತ್ತಾರೆ. ಉಣ್ಣೆ ಸತ್ತಿತೇ ಅನ್ನುವುದಕ್ಕಿಂತ ಅದು ಮೊಟ್ಟೆ ಇಟ್ಟಿತೇ ಅನ್ನುವುದು ಮುಖ್ಯ ಅಲ್ವಾ? ನಿಮಗೆ ಗೊತ್ತಿಲ್ಲದೆಯೇ ನೀವು ಮಾಡಿದ್ದು ಇದರ ಅರ್ಧ ಪರೀಕ್ಷೆ. ಪೂರ್ತಿ ಮಾಡಬೇಕೆಂದರೆ ಸ್ಪ್ರೇಗೆ ಮೊದಲು ಹತ್ತು, ಸ್ಪ್ರೇ ಆಗಿ ಮರುದಿನ ಹತ್ತು ಊದಿದ ಉಣ್ಣೆ ತೆಗೆದು ಬೇರೆ ಬೇರೆ ಬಾಟಲಿಯಲ್ಲಿಡಿ. ಬಾಯಿಗೆ ದಟ್ಟ ಬಟ್ಟೆ ಬಿಗಿಯಾಗಿ ಕಟ್ಟಿ ನೆರಳಲ್ಲಿಡಿ. ಎರಡು ವಾರಕ್ಕೆ ಎರಡರಲ್ಲೂ ಒಂದೇ ಪ್ರಮಾಣದ ಮೊಟ್ಟೆ ಕಂಡರೆ ಆ ಔಷಧಿ ನಿಮ್ಮ ಕೊಟ್ಟಿಗೆಯಲ್ಲಿ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದರ್ಥ. ಮೊಟ್ಟೆ ಒಡೆಯುವವರೆಗೆ ಕಾಯಬೇಡಿ. ಬಾಟಲಿಗೆ ಕುದಿನೀರು ಸುರಿದುಬಿಡಿ. ಫಲಿತಾಂಶವನ್ನು ನಿಮ್ಮ ಪಶುವೈದ್ಯರಿಗೆ ಹೇಳಿ, ಬೇರೆ ಗುಂಪಿನ ಔಷಧಿ ಆರಿಸಲು ಅವರಿಗೆ ನೆರವಾಗುತ್ತದೆ.

ಮೊಟ್ಟೆಯ ಮೂಲಕ ಕಾಯಿಲೆ ಬರುತ್ತದೆಯೇ? ಅದು ಯಾವ ಕಾಯಿಲೆ ಎಂಬುದನ್ನು ಅವಲಂಬಿಸಿದೆ. ಮೂತ್ರ ಕೆಂಪಾಗುವ ಬೆಬೇಸಿಯಾ ಕಾಯಿಲೆಯಲ್ಲಿ ಹೌದು. ಆ ಪರೋಪಜೀವಿ ಉಣ್ಣೆಯ ಕರುಳಿನಿಂದ ಮೈರಸಕ್ಕೆ, ಅಲ್ಲಿಂದ ಅಂಡಕೋಶಕ್ಕೆ ನುಗ್ಗುತ್ತದೆ. ಸೋಂಕಿರುವ ಒಂದು ಉಣ್ಣೆಯ ಮರಿಗಳು ಹುಟ್ಟುವಾಗಲೇ ಸೋಂಕು ಹೊತ್ತಿರಬಹುದು. ಥೈಲೇರಿಯಾದಲ್ಲಿ ಹಾಗಿಲ್ಲ. ಗಂಟುಗಳು ಊದಿ ವಿಪರೀತ ಜ್ವರ ಬರುವ ಆ ಕಾಯಿಲೆ ಹಯಲೊಮ್ಮಾ ಎಂಬ ಬೇರೆ ಉಣ್ಣೆಯದು. ಮರಿ ಉಣ್ಣೆ ಸೋಂಕನ್ನು ಹೀರಿ ಮುಂದಿನ ಹಂತದಲ್ಲಿ ದಾಟಿಸುತ್ತದೆ, ಮೊಟ್ಟೆಗೆ ಹೋಗುವುದಿಲ್ಲ.

ಮಂಗನ ಕಾಯಿಲೆಯ ವಿಷಯ ನಿಮಗೆ ವಿವರವಾಗಿ ಹೇಳಲೇಬೇಕು. 1957ರಲ್ಲಿ ನಿಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಕಾಯಿಲೆ ಅದು. ಹರಡುವುದು ಮುಖ್ಯವಾಗಿ ಹಿಮಫೈಸಾಲಿಸ್ ಸ್ಪಿನಿಜೆರಾ ಎಂಬ ಕಾಡಿನ ಉಣ್ಣೆ, ಅದರಲ್ಲೂ ಬೇಸಿಗೆಯ ಮುಂಚಿನಿಂದ ಕಾಡುವ ಅದರ ಮರಿಹಂತ. ಹಸುವಿನಿಂದ ನೇರವಾಗಿ ಈ ಕಾಯಿಲೆ ನಮಗೆ ಬರುವುದಿಲ್ಲ, ಹಾಲಿನ ಬಗ್ಗೆ ಹೆದರಬೇಡಿ. ಆದರೆ ಮಳೆಗಾಲದಲ್ಲಿ ಕಾಡಂಚಿಗೆ ಹೋದ ದನದ ಮೈಯಲ್ಲಿ ಈ ಉಣ್ಣೆಯ ದೊಡ್ಡ ಹೆಣ್ಣುಗಳು ಹೊಟ್ಟೆ ತುಂಬಿಸಿಕೊಂಡು, ಉದುರಿ, ಮೊಟ್ಟೆ ಇಡುತ್ತವೆ. ಆ ಮೊಟ್ಟೆಯ ಮರಿಗಳೇ ಮುಂದಿನ ಬೇಸಿಗೆಯಲ್ಲಿ ಸೊಪ್ಪು ತರಲು ಹೋದವರಿಗೆ ಕಚ್ಚುವುದು. ಹಾಗಾಗಿ ಜೂನ್‌ನಿಂದ ಆಗಸ್ಟ್‌ವರೆಗೆ ನಿಮ್ಮ ಗಿಡ್ಡಗಳ ಮೈ ನೋಡಿಕೊಳ್ಳುವುದು ಮನೆಮಂದಿಗೂ ಒಳ್ಳೆಯದು. ಗಿಡ್ಡ ತಳಿಯ ಮೈಯಲ್ಲಿ ಉಣ್ಣೆ ಕಡಿಮೆ ಇರುತ್ತದೆ ನಿಜ, ನಾಟಿ ದನದ ಮೈ ಬಹಳಷ್ಟು ಉಣ್ಣೆಗಳಿಗೆ ಹೊಟ್ಟೆ ತುಂಬಿಸಿಕೊಳ್ಳಲು ಬಿಡುವುದಿಲ್ಲ. ಆದರೆ ಪೂರ್ತಿ ಇರುವುದಿಲ್ಲ ಎಂದಲ್ಲ.

ಮಗಳ ಪ್ರಶ್ನೆ ನನಗೆ ಖುಷಿ ಕೊಟ್ಟಿತು. ಅವಳು ಓದಿದ್ದು ಸರಿ. ಒಂದು ಜೀನಿಗೆ ಹೊಂದುವ ಎರಡೆಳೆಯ ಆರ್‌ಎನ್‌ಎ ತುಣುಕನ್ನು ಉಣ್ಣೆಗೆ ಚುಚ್ಚಿ ಆ ಜೀನನ್ನು ಮೌನವಾಗಿಸುವ ವಿಧಾನ ಇದೆ. ವೈಟೆಲೊಜೆನಿನ್ ಹಿಡಿಯುವ ಗ್ರಾಹಕವನ್ನು ಹೀಗೆ ಮೌನವಾಗಿಸಿದಾಗ ಅಂಡಕೋಶಗಳು ಬಿಳಿಚಿಕೊಂಡು ಹಾಗೇ ಉಳಿದವು. ಒಂದು ಪ್ರಯೋಗದಲ್ಲಂತೂ ಬೆಬೇಸಿಯಾ ಕೂಡ ಮೊಟ್ಟೆಗೆ ದಾಟಲಿಲ್ಲ. ಆದರೆ ಒಂದೊಂದು ಉಣ್ಣೆಗೂ ಸೂಜಿ ಚುಚ್ಚುವ ಕೆಲಸ ಅದು. ಕೊಟ್ಟಿಗೆಗೆ ಬರುವ ಔಷಧಿಯಾಗಿಲ್ಲ. ಹತ್ತಿರಕ್ಕೆ ಬಂದದ್ದು ಲಸಿಕೆ. ಉಣ್ಣೆಯ ಕರುಳಿನ ಬಿಎಂ-86 ಎಂಬ ಪ್ರೋಟೀನನ್ನು ಹಸುವಿಗೆ ಚುಚ್ಚಿದರೆ ಹಸುವಿನ ರಕ್ತದಲ್ಲಿ ಪ್ರತಿಕಾಯ ಹುಟ್ಟುತ್ತದೆ. ಆ ರಕ್ತ ಕುಡಿದ ಉಣ್ಣೆಯ ಕರುಳು ಹಾಳಾಗಿ ಮೊಟ್ಟೆ ಕಡಿಮೆಯಾಗುತ್ತದೆ. 1990ರ ದಶಕದಲ್ಲಿ ಕ್ಯೂಬಾ, ಆಸ್ಟ್ರೇಲಿಯಾಗಳಲ್ಲಿ ಇದು ಮಾರುಕಟ್ಟೆಗೆ ಬಂತು. ಮೈಮೇಲಿರುವ ಉಣ್ಣೆಯನ್ನು ಇದು ಉದುರಿಸುವುದಿಲ್ಲ, ಮುಂದಿನ ಪೀಳಿಗೆಯನ್ನು ತಗ್ಗಿಸುತ್ತದೆ. ನಮ್ಮ ಹಳ್ಳಿಯ ಪಶು ಆಸ್ಪತ್ರೆಯಲ್ಲಿ ಸಿಗುವ ವಸ್ತು ಅಲ್ಲ.

ಸದ್ಯಕ್ಕೆ ನಿಮ್ಮ ಕೈಯಲ್ಲಿರುವ ದಾರಿಗಳನ್ನು ಹೇಳುತ್ತೇನೆ. ನಾನು ಎಲ್ಲಕ್ಕಿಂತ ಮೊದಲು ಇಡುವುದು ಕೈಯಲ್ಲಿ ತೆಗೆಯುವುದನ್ನು, ಅದೂ ಸಂಜೆ ಹಾಲು ಕರೆಯುವ ಹೊತ್ತಿಗೆ. ಆಗ ಅರ್ಧ ಊದಿರುವ, ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪ ಕಾಣುವ ಹೆಣ್ಣುಗಳೇ ಆ ರಾತ್ರಿ ತುಂಬಿಕೊಂಡು ಬೆಳಗ್ಗೆ ಉದುರುವವು. ಅರ್ಧ ಹೊಟ್ಟೆಯಲ್ಲಿ ಕಿತ್ತರೆ ಮೊಟ್ಟೆ ಬಹಳ ಕಡಿಮೆ, ಎಷ್ಟೋ ಸಲ ಇಲ್ಲವೇ ಇಲ್ಲ. ಬೆಳಗ್ಗೆ ಸಗಣಿ ಬಾಚುವಾಗ ನೆಲದಲ್ಲಿ ಉದುರಿದ್ದನ್ನು ಆರಿಸಿ. ನಾಟಿ ಕೋಳಿಗಳಿದ್ದರೆ ಆ ಹೊತ್ತಿಗೆ ಕೊಟ್ಟಿಗೆಗೆ ಬಿಡಿ, ಚೆನ್ನಾಗಿ ಹೆಕ್ಕಿ ತಿನ್ನುತ್ತವೆ. ಔಷಧಿ ಹೊಡೆದ ದಿನಗಳಲ್ಲಿ ಮಾತ್ರ ಬಿಡಬೇಡಿ.

ಕೊಟ್ಟಿಗೆಯ ಗೋಡೆ, ಗೊಂತಿನ ಸಂದುಗಳನ್ನು ಸಿಮೆಂಟಿನಿಂದ ಮುಚ್ಚಿ ಸುಣ್ಣ ಬಳಿಯಿರಿ. ಉದುರಿದ ಹೆಣ್ಣು ಬೆಳಕಿಗೆ ಬೆನ್ನು ತಿರುಗಿಸಿ ಸಂದು ಹುಡುಕುತ್ತದೆ. ದರಗಿನ ಹಾಸನ್ನು ವಾರಗಟ್ಟಲೆ ಬಿಡಬೇಡಿ. ಗೊಬ್ಬರದ ರಾಶಿಯ ನಡುವೆ ಬಿಸಿಯೇರಿದ ಕಡೆ ಮೊಟ್ಟೆ ಉಳಿಯುವುದಿಲ್ಲ, ಅಂಚಿನಲ್ಲಿ ಉಳಿಯುತ್ತದೆ. ಹಾಗಾಗಿ ರಾಶಿ ಮಗುಚಬೇಕು. ಕೆಲವರು ಬೆಂಕಿಯಿಂದ ಗೋಡೆ ಸುಡುತ್ತಾರೆ. ಹುಲ್ಲು ಅಟ್ಟ ಇರುವ ಮಲೆನಾಡಿನ ಕೊಟ್ಟಿಗೆಯಲ್ಲಿ ದಯವಿಟ್ಟು ಬೇಡ.

ಸ್ಪ್ರೇ ಬಿಡಿ ಅನ್ನುತ್ತಿಲ್ಲ. ಡೆಲ್ಟಾಮೆಥ್ರಿನ್ ಕೆಲಸ ಮಾಡದಿದ್ದರೆ ಅಮಿಟ್ರಾಜ್ ಬೇರೆ ಗುಂಪಿನದು. ಲೇಬಲ್ಲಿನ ಅಳತೆಯಂತೆ ಬೆರೆಸಿ, ಎರಡನ್ನೂ ಒಟ್ಟಿಗೆ ಕಲಸಬೇಡಿ. ದನದ ಉಣ್ಣೆ ಮರಿಯಾಗಿ ಹತ್ತಿ ದೊಡ್ಡದಾಗಿ ಉದುರಲು ಸುಮಾರು 21 ದಿನ ಬೇಕು. ಆದ್ದರಿಂದ ಒಂದು ಸಲ ಹೊಡೆದು ಬಿಟ್ಟರೆ ನೆಲದಲ್ಲಿದ್ದ ಮರಿಗಳು ಮೂರು ವಾರಕ್ಕೆ ಮತ್ತೆ ಹೆಣ್ಣಾಗಿ ಊದಿರುತ್ತವೆ. ಎಷ್ಟು ದಿನಕ್ಕೊಮ್ಮೆ ಎಂಬುದನ್ನು ಈ ಲೆಕ್ಕ ಇಟ್ಟುಕೊಂಡು ಡಾಕ್ಟರ್ ಜೊತೆ ನಿಗದಿ ಮಾಡಿ. ಗದ್ದೆ, ತೋಟಕ್ಕೆ ತಂದ ಕೀಟನಾಶಕವನ್ನು ದನಕ್ಕೆ ಹಾಕಲೇಬೇಡಿ, ಹಸುಗಳು ಸತ್ತ ಉದಾಹರಣೆಗಳಿವೆ. ಬೇವಿನ ಎಣ್ಣೆ ಸ್ವಲ್ಪ ಮಟ್ಟಿಗೆ ಉಣ್ಣೆ ಹತ್ತದಂತೆ ನೋಡಿಕೊಳ್ಳುತ್ತದೆ, ಅದೊಂದನ್ನೇ ನಂಬಿ ಕೂರಲಾಗದು.

ಐವರ್‌ಮೆಕ್ಟಿನ್ ಇಂಜೆಕ್ಷನ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಉಣ್ಣೆಯನ್ನೂ ಅದರ ಮೊಟ್ಟೆಯನ್ನೂ ಅದು ತಗ್ಗಿಸುತ್ತದೆ. ಆದರೆ ಹಾಲಿಗೆ ಇಳಿಯುತ್ತದೆ. ಕರೆಯುವ ಹಸುವಿಗೆ ಸಲ್ಲದು. ಸಗಣಿಯಲ್ಲೂ ಹೋಗಿ ಸಗಣಿ ಹುಳುಗಳನ್ನು ಕೊಲ್ಲುತ್ತದೆ. ಫ್ಲುವಝುರಾನ್ ಎಂಬ ಬೆನ್ನಿಗೆ ಸುರಿಯುವ ಔಷಧಿ ನೇರವಾಗಿ ಮೊಟ್ಟೆಯ ವಿಷಯಕ್ಕೇ ಕೈ ಹಾಕುತ್ತದೆ: ಮರಿಯ ಮೈಗವಚಕ್ಕೆ ಬೇಕಾದ ಕೈಟಿನ್ ತಯಾರಾಗಲು ಬಿಡುವುದಿಲ್ಲ, ಮೊಟ್ಟೆ ಒಡೆಯುವುದಿಲ್ಲ. ಇದೂ ಕೊಬ್ಬಿನಲ್ಲಿ ಕೂತು ಹಾಲಿಗೆ ಬರುತ್ತದೆ. ಡೇರಿಗೆ ಹಾಲು ಹಾಕುವ ನಿಮಗೆ ಇವೆರಡೂ ಕರೆಯುವ ಹಸುಗಳಿಗೆ ಬೇಡ. ಹಾಲು ಕೊಡದ ಪಡ್ಡೆಗಳಿಗೆ ಡಾಕ್ಟರ್ ಹೇಳಿದರೆ ನೋಡಬಹುದು.

ಗಬ್ಬದ ಹಸುವಿಗೆ ಯಾವ ಔಷಧಿ ಹೊಡೆಯುವ ಮೊದಲೂ ಏಳು ತಿಂಗಳು ಎಂದು ಡಾಕ್ಟರಿಗೆ ಹೇಳಿ. ಅಲ್ಲಿಯವರೆಗೆ ಅದಕ್ಕೆ ಕೈಯಲ್ಲಿ ತೆಗೆಯುವುದೇ ಸಾಕು. ಅದಕ್ಕೇನಾದರೂ ಜ್ವರ ಬಂದು, ಮೇವು ಬಿಟ್ಟು, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಮನೆಮದ್ದಿಗೆ ಕಾಯಬೇಡಿ. ಅದೇ ದಿನ ಪಶುವೈದ್ಯರನ್ನು ಕರೆಸಿ, ಇಂಜೆಕ್ಷನ್ ಕೊಡುವ ಮುಂಚೆಯೇ ಕಿವಿಯ ರಕ್ತವನ್ನು ಸ್ಲೈಡಿಗೆ ತೆಗೆದುಕೊಳ್ಳಲು ಕೇಳಿ. ಬೆಬೇಸಿಯಾ ಹೌದೋ ಅಲ್ಲವೋ ಅದರಲ್ಲೇ ಗೊತ್ತಾಗುತ್ತದೆ.